ಮೀನಿನ ಕಾವಲು, ಸೀಗಡಿಯ ಗುದ್ದಲಿ

ಕುಂಟ-ಕುರುಡರ ಕಥೆ ಕೇಳದವರಾರು? ಕುರುಡನ ಹೆಗಲೇರಿದ ಕುಂಟ ದಾರಿ ತೋರಿಸುತ್ತಾನೆ, ಕುರುಡ ನಡೆಯುತ್ತಾನೆ, ಇಬ್ಬರೂ ಊರು ಸೇರುತ್ತಾರೆ. ಸಮುದ್ರದ ತಳದಲ್ಲಿ ಈ ಕಥೆ ದಿನವೂ ನಡೆಯುತ್ತದೆ ಎಂದರೆ ನಂಬುವಿರಾ? ಅಲ್ಲಿನ ಕುರುಡ ಒಂದು ಸೀಗಡಿ. ದಾರಿ ತೋರುವುದು ಗೋಬಿ ಎಂಬ ಪುಟ್ಟ ಮೀನು. (ತರಗತಿಯಲ್ಲಿ ಈ ಹೆಸರು ಹೇಳಿದೊಡನೆ ಮಕ್ಕಳು ನಗುತ್ತಾರೆ. ಇದು ಹೂಕೋಸಿನ ಗೋಬಿ ಅಲ್ಲ!)

ಕೆಂಪು ಸಮುದ್ರದಿಂದ ನಮ್ಮ ಲಕ್ಷದ್ವೀಪವನ್ನು ಹಾದು ಪೆಸಿಫಿಕ್‌ವರೆಗೆ, ಹವಳದ ದಿಬ್ಬಗಳ ಪಕ್ಕದ ಮರಳಿನಲ್ಲಿ ಈ ಜೋಡಿಯ ವಾಸ. ಆಲ್ಫಿಯಸ್ ಕುಲದ ಈ ಸೀಗಡಿ ಹಗಲಿಡೀ ಬಿಲ ತೋಡುತ್ತದೆ, ಮರಳು ಹೊತ್ತು ಹೊರಹಾಕುತ್ತದೆ. ಆದರೆ ಅದರ ದೃಷ್ಟಿ ಬಹಳ ಮಂದ. ಗೋಬಿಗೆ ಅಂಥ ಬಿಲ ತೋಡಲು ಬಾರದು, ಕಣ್ಣು ಮಾತ್ರ ಚುರುಕು. ಅದು ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಹೊರಬರುವ ಸೀಗಡಿ ತನ್ನ ಮೀಸೆಯಂಥ ಸ್ಪರ್ಶಾಂಗವನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಶತ್ರು ಕಂಡರೆ ಮೀನು ಬಾಲ ಅಲುಗಿಸುತ್ತದೆ. ಸೀಗಡಿ ತಟ್ಟನೆ ಒಳಗೆ! ಅಪಾಯ ಹತ್ತಿರವಾದರೆ ಮೀನೂ ಅದರ ಹಿಂದೆಯೇ ನುಗ್ಗುತ್ತದೆ. ಸಂಬಳವಿಲ್ಲದ ಕಾವಲುಗಾರನಿಗೆ ಬಾಡಿಗೆಯಿಲ್ಲದ ಮನೆ. ಪಠ್ಯಪುಸ್ತಕದ ‘ಸಹಜೀವನ’ಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಈ ಸೀಗಡಿ ಚಿಟಿಕೆ ಹೊಡೆಯುವುದರಲ್ಲೂ ನಿಪುಣ. ಆ ಸದ್ದು ಕೊಂಡಿಗಳು ಬಡಿದು ಬರುವುದಲ್ಲ, ಕೊಂಡಿ ಮುಚ್ಚಿದಾಗ ನೀರಿನಲ್ಲಿ ಹುಟ್ಟುವ ಗುಳ್ಳೆ ಕುಸಿದು ಬರುವುದು ಎಂದು ವಿಜ್ಞಾನಿಗಳು 2000ದಲ್ಲಿ ತೋರಿಸಿದರು.

ಕೆಲವು ವರ್ಷಗಳ ಹಿಂದೆ ಮಗಳ ಒತ್ತಾಯಕ್ಕೆ ಮಣಿದು ಸುಮಾರು ನೂರು ಲೀಟರಿನ ತೊಟ್ಟಿಯಲ್ಲಿ ಇಂಥ ಜೋಡಿಯನ್ನು ಸಾಕತೊಡಗಿದೆ. ಅಡುಗೆ ಉಪ್ಪು ಇದಕ್ಕೆ ಸಲ್ಲದು. ಸಮುದ್ರದ ಲವಣಗಳ ಮಿಶ್ರಣವೇ ಬೇಕು, ಲೀಟರಿಗೆ ಸುಮಾರು 35 ಗ್ರಾಂ. ಉಷ್ಣತೆ 25-26 ಡಿಗ್ರಿ ಸೆಲ್ಸಿಯಸ್. ನೀರು ತುಂಬಿದ ದಿನವೇ ಮೀನು ಬಿಡಬಾರದು. ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಕಲ್ಲುಗಳನ್ನು ಮೊದಲು ಗಾಜಿನ ತಳದ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಮರಳು ಹಾಕಬೇಕು. ಇಲ್ಲವಾದರೆ ಸೀಗಡಿ ಬುಡ ತೋಡಿ, ಕಲ್ಲು ಅದರ ಮೇಲೇ ಉರುಳೀತು! ಎರಡು-ಮೂರು ಅಂಗುಲ ಮರಳಿಗೆ ಚಿಪ್ಪಿನ ಚೂರು ಬೆರೆಸಿದರೆ ಬಿಲದ ಮಾಡು ನಿಲ್ಲುತ್ತದೆ. ಮೇಲೆ ಬಲೆಯ ಮುಚ್ಚಳ ಇರಲೇಬೇಕು. ಬೆದರಿದ ಗೋಬಿ ಹೊರಗೆ ನೆಗೆಯುತ್ತದೆ. ಆರಿಹೋದ ನೀರಿನ ಬದಲಿಗೆ ಸಿಹಿನೀರನ್ನೇ ಸೇರಿಸಬೇಕು. ಏಕೆ? ವಿದ್ಯಾರ್ಥಿಗಳು ಯೋಚಿಸಲಿ: ನೀರು ಆವಿಯಾದಾಗ ಉಪ್ಪು ಎಲ್ಲಿ ಹೋಗುತ್ತದೆ?

ಇಷ್ಟೆಲ್ಲ ಬಲ್ಲ ನಾನೇ ಎಡವಿದೆ. ಒಮ್ಮೆ ಮೀನಿನ ಮೈಮೇಲೆ ಬಿಳಿ ಚುಕ್ಕೆಗಳು ಕಂಡವು. ಗಾಬರಿಯಿಂದ ಔಷಧ ತಂದು ತೊಟ್ಟಿಗೇ ಸುರಿದೆ. ಅದರಲ್ಲಿ ತಾಮ್ರವಿತ್ತು. ಮೀನು ತಾಳುವ ತಾಮ್ರ ಸೀಗಡಿಗೆ ವಿಷ. ಬೆಳಗಾಗುವಷ್ಟರಲ್ಲಿ ಸೀಗಡಿ ಸತ್ತಿತ್ತು. ಅಕಶೇರುಕಗಳ ಪಾಠ ಮಾಡುವ ಮೇಷ್ಟ್ರು ಸೀಸೆಯ ಮೇಲಿನ ಚೀಟಿ ಓದಿರಲಿಲ್ಲ! ದಿನ ಕಳೆದಂತೆ ಬಿಲ ಕುಸಿಯಿತು. ಗೋಬಿ ಕಲ್ಲಿನ ಸಂದಿ ಸೇರಿ, ಊಟಕ್ಕಷ್ಟೇ ಇಣುಕತೊಡಗಿತು. “ಅಪ್ಪಾ, ಇನ್ನು ಅದಕ್ಕೆ ಮನೆ ಯಾರು ಕಟ್ಟಿಕೊಡುತ್ತಾರೆ?” ಎಂದಳು ಮಗಳು. ನನ್ನಲ್ಲಿ ಉತ್ತರವಿರಲಿಲ್ಲ.

ಪಾಲಕರಿಗೆ ಒಂದು ಮಾತು. ಈ ಜೀವಿಗಳಲ್ಲಿ ಹೆಚ್ಚಿನವು ಸಮುದ್ರದಿಂದಲೇ ಹಿಡಿದು ತಂದವು. ಖರ್ಚು ಹೆಚ್ಚು, ವಿದ್ಯುತ್ ಕೈಕೊಟ್ಟರೆ ಜೀವಕ್ಕೇ ಸಂಚಕಾರ. ನಮ್ಮ ಸಮುದ್ರದ ಹವಳಗಳಿಗೆ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಕಡಲತೀರಕ್ಕೆ ಹೋದಾಗ ಕಿತ್ತು ತರುವ ಯೋಚನೆ ಬೇಡ. ಮಕ್ಕಳಿಗೆ ಮೀನು ಸಾಕುವ ಆಸೆಯಿದ್ದರೆ ಮೊದಲು ಸಿಹಿನೀರಿನ ಗಪ್ಪಿಗಳನ್ನು ಒಂದು ವರ್ಷ ಚೆನ್ನಾಗಿ ನೋಡಿಕೊಳ್ಳಲಿ.

ಆರು ತಿಂಗಳ ಕಾಲ ನೀರು ಬದಲಿಸಿ, ತಾಮ್ರ ಉಳಿದಿಲ್ಲವೆಂದು ಪರೀಕ್ಷಿಸಿದ ಮೇಲೆಯೇ ಇನ್ನೊಂದು ಸೀಗಡಿ ತಂದೆವು. ಕೆಲವು ದಿನಗಳಲ್ಲಿ ಗೋಬಿ ಹೊಸ ಬಾಗಿಲಲ್ಲಿ ನಿಂತಿತ್ತು. ಈಗ ನಮ್ಮ ಮನೆಯಲ್ಲಿ ಯಾವ ಔಷಧ ತಂದರೂ ಮೊದಲು ಚೀಟಿ ಓದುವವಳು ಮಗಳು.