ಮನೆ ಕೊಳ್ಳದೆ ಮನೆ ಮಾರುವ ವಿದ್ಯೆ!

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಎರಡಕ್ಕೂ ಕೈತುಂಬ ಹಣ ಬೇಕು ಎಂಬುದು ಆ ಮಾತಿನ ಇಂಗಿತ. ಆದರೆ ಕೈಯಲ್ಲಿ ಕೆಲವೇ ನೂರು ಡಾಲರ್ ಇಟ್ಟುಕೊಂಡು, ಮನೆಯನ್ನು ಕಟ್ಟದೆ, ಕೊಳ್ಳದೆ, ಒಂದು ದಿನವೂ ಅದರಲ್ಲಿ ವಾಸಿಸದೆ, ಅದರ ಮೇಲೆ ಸಾವಿರಾರು ಡಾಲರ್ ಸಂಪಾದಿಸುವವರು ಅಮೆರಿಕದಲ್ಲಿದ್ದಾರೆ. ಈ ಕಸುಬಿಗೆ ಅಲ್ಲಿ ‘ರಿಯಲ್ ಎಸ್ಟೇಟ್ ಹೋಲ್‌ಸೇಲಿಂಗ್’ ಎಂದು ಹೆಸರು.

ಫೋನಿನಲ್ಲಿ ಇಂಥ ವಿಡಿಯೋಗಳನ್ನು ನೋಡಿದ ಹುಡುಗರು, ‘ಸಾರ್, ದುಡ್ಡಿಲ್ಲದೆಯೂ ರಿಯಲ್ ಎಸ್ಟೇಟ್ ಮಾಡಬಹುದಂತೆ, ನಿಜವೇ?’ ಎಂದು ಕೇಳುತ್ತಾರೆ. ಮಗನನ್ನೋ ಮಗಳನ್ನೋ ಎಂ.ಎಸ್. ಓದಲು ಅಮೆರಿಕಕ್ಕೆ ಕಳುಹಿಸಿದ ತಂದೆತಾಯಿಯರೂ ಇದೇ ಪ್ರಶ್ನೆ ಕೇಳುವುದುಂಟು. ಪ್ರಶ್ನೆ ತಪ್ಪಲ್ಲ. ವಿಜ್ಞಾನದ ಪಾಠದಲ್ಲಿ ಮಾಡುವಂತೆ, ಇದನ್ನೂ ಬಿಡಿಬಿಡಿಯಾಗಿ ಬಿಚ್ಚಿ ನೋಡುವುದೇ ಸರಿಯಾದ ಉತ್ತರ.

ಮಾರುವುದು ಮನೆಯನ್ನಲ್ಲ, ಒಪ್ಪಂದವನ್ನು

‘ಹೋಲ್‌ಸೇಲ್’ ಎಂದೊಡನೆ ನಮಗೆ ಸಗಟು ಅಂಗಡಿಯ ಮೂಟೆಗಳು ನೆನಪಾಗುತ್ತವೆ. ಇಲ್ಲಿ ಮೂಟೆಯೂ ಇಲ್ಲ, ಗೋದಾಮೂ ಇಲ್ಲ. ಚಾವಣಿ ಸೋರುವ, ಬಣ್ಣ ಕಾಣದೆ ವರ್ಷಗಳಾದ ಹಳೆಯ ಮನೆಯೊಂದನ್ನು ಹೋಲ್‌ಸೇಲರ್ ಹುಡುಕುತ್ತಾನೆ. ಮಾಲೀಕರಿಗೆ ಅದನ್ನು ಬೇಗ ಮಾರಬೇಕಾದ ಅಗತ್ಯವಿರುತ್ತದೆ. ಆಸ್ತಿ ತೆರಿಗೆ ಬಾಕಿ ಇರಬಹುದು, ಬ್ಯಾಂಕ್ ಸಾಲದ ಕಂತು ತಪ್ಪಿರಬಹುದು, ತಂದೆತಾಯಿ ತೀರಿಕೊಂಡು ದೂರದೂರಿನ ಮಕ್ಕಳಿಗೆ ಮನೆ ಬಂದಿರಬಹುದು.

ಅಂಥವರೊಡನೆ ಆತ ಒಂದು ಬೆಲೆಗೆ ಕ್ರಯದ ಒಪ್ಪಂದ ಮಾಡಿಕೊಳ್ಳುತ್ತಾನೆ. ಸ್ವಲ್ಪ ಮುಂಗಡ ಕೊಡುತ್ತಾನೆ. ಇದನ್ನು ಅಲ್ಲಿ ‘ಅರ್ನೆಸ್ಟ್ ಮನಿ’ ಎನ್ನುತ್ತಾರೆ. ಉಳಿದ ಹಣ ಕೊಟ್ಟು ಕ್ರಯ ಮುಗಿಸಲು ಸಾಮಾನ್ಯವಾಗಿ ಒಂದು ತಿಂಗಳೋ ಅದಕ್ಕಿಂತ ತುಸು ಹೆಚ್ಚೋ ಗಡುವು ಇರುತ್ತದೆ. ಒಪ್ಪಂದದಲ್ಲಿ ಕೊಳ್ಳುವವನ ಹೆಸರಿನ ಮುಂದೆ ‘ಅಥವಾ ಆತನು ಹಕ್ಕನ್ನು ವರ್ಗಾಯಿಸಿದವರು’ ಎಂಬ ಅರ್ಥದ ಮಾತು ಸೇರಿರುತ್ತದೆ. ಇಡೀ ಕಸುಬು ನಿಂತಿರುವುದು ಈ ಒಂದು ಮಾತಿನ ಮೇಲೆ!

ಗಡುವು ಮುಗಿಯುವುದರೊಳಗೆ ಹಳೆಯ ಮನೆ ಕೊಂಡು ರಿಪೇರಿ ಮಾಡಿ ಮಾರುವ ಒಬ್ಬ ಹೂಡಿಕೆದಾರನನ್ನು ಹುಡುಕಿ, ತನ್ನ ಒಪ್ಪಂದವನ್ನು ಅವನಿಗೆ ವರ್ಗಾಯಿಸುತ್ತಾನೆ. ಅದಕ್ಕೆ ಪಡೆಯುವ ಶುಲ್ಕವೇ ಹೋಲ್‌ಸೇಲರ್‌ನ ಸಂಪಾದನೆ. ಹಣದ ಲೆಕ್ಕ, ಪತ್ರಗಳ ಪರಿಶೀಲನೆ ಎಲ್ಲವೂ ‘ಟೈಟಲ್ ಕಂಪನಿ’ ಎಂಬ ಸಂಸ್ಥೆಯ ಅಥವಾ ಕೆಲವು ರಾಜ್ಯಗಳಲ್ಲಿ ವಕೀಲರ ಮೂಲಕ ನಡೆಯುತ್ತದೆ. ರಸಾಯನಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಈತ ಕ್ರಿಯಾವರ್ಧಕವಿದ್ದಂತೆ. ಕೊಡುವವನನ್ನೂ ಕೊಳ್ಳುವವನನ್ನೂ ಬೇಗ ಸೇರಿಸುತ್ತಾನೆ, ತಾನು ಆಸ್ತಿಯ ಒಡೆಯನಾಗುವುದಿಲ್ಲ.

ಶೇ. 70ರ ಸೂತ್ರ

ಎಷ್ಟು ಬೆಲೆಗೆ ಒಪ್ಪಂದ ಮಾಡಿಕೊಳ್ಳಬೇಕು? ಇದಕ್ಕೆ ಅಲ್ಲಿನ ವ್ಯಾಪಾರಿಗಳ ನಡುವೆ ಒಂದು ರೂಢಿಯ ಲೆಕ್ಕವಿದೆ. ರಿಪೇರಿಯಾದ ಮೇಲೆ ಮನೆ ಎಷ್ಟಕ್ಕೆ ಮಾರಾಟವಾದೀತು ಎಂದು ಮೊದಲು ಅಂದಾಜು ಮಾಡುತ್ತಾರೆ. ಅದರ ಶೇ. 70ರಿಂದ ರಿಪೇರಿ ಖರ್ಚನ್ನು ಕಳೆಯುತ್ತಾರೆ. ಉಳಿದದ್ದು ಹೂಡಿಕೆದಾರ ಕೊಡಬಹುದಾದ ಗರಿಷ್ಠ ಬೆಲೆ.

ಒಂದು ಉದಾಹರಣೆ ನೋಡೋಣ. ರಿಪೇರಿಯ ನಂತರದ ಬೆಲೆ 2,00,000 ಡಾಲರ್ ಎಂದಿಟ್ಟುಕೊಳ್ಳಿ. ಅದರ ಶೇ. 70 ಎಂದರೆ 1,40,000. ರಿಪೇರಿಗೆ 30,000 ಕಳೆದರೆ 1,10,000. ಹೋಲ್‌ಸೇಲರ್ ತನಗೆ 8,000 ಡಾಲರ್ ಬೇಕೆಂದರೆ ಮಾಲೀಕರೊಡನೆ 1,02,000 ಡಾಲರಿಗೆ ಮೀರದಂತೆ ಒಪ್ಪಂದವಾಗಬೇಕು. ಬಿಟ್ಟ ಶೇ. 30, ಅಂದರೆ 60,000 ಡಾಲರ್, ಹೂಡಿಕೆದಾರನ ಜೇಬಿಗೆ ಇಡಿಯಾಗಿ ಇಳಿಯುವ ಲಾಭವಲ್ಲ. ಸಾಲದ ಬಡ್ಡಿ, ತೆರಿಗೆ, ವಿಮೆ, ಪತ್ರದ ಖರ್ಚು, ಮರುಮಾರಾಟದ ಕಮಿಷನ್ ಎಲ್ಲ ಅದರಲ್ಲೇ ಹೋಗಬೇಕು.

ಈಗ ಇದೇ ಲೆಕ್ಕದಲ್ಲಿ ಒಂದು ಅಂದಾಜನ್ನು ಮಾತ್ರ ಬದಲಿಸಿ ನೋಡಿ. ಮನೆ 2,00,000ಕ್ಕೆ ಬದಲು 1,80,000ಕ್ಕೆ ಮಾತ್ರ ಹೋಗುವಂಥದ್ದು ಎನ್ನೋಣ. ತಪ್ಪು ಬರೀ ಶೇ. 10. ಹೂಡಿಕೆದಾರನ ಗರಿಷ್ಠ ಬೆಲೆ 96,000ಕ್ಕೆ ಇಳಿಯಿತು. ಒಪ್ಪಂದವಾದದ್ದು 1,02,000ಕ್ಕೆ. ಅಂದರೆ 8,000 ಡಾಲರಿನ ಶುಲ್ಕ ಪೂರ್ತಿ ಮಾಯವಾಗಿ, ಮೇಲೆ 6,000 ಡಾಲರಿನ ಹಳ್ಳ ಬಿತ್ತು! ಆ ಒಪ್ಪಂದವನ್ನು ಯಾರೂ ಮುಟ್ಟುವುದಿಲ್ಲ. ಪ್ರಯೋಗಾಲಯದಲ್ಲಿ ಅಳತೆಯ ಸಣ್ಣ ದೋಷ ಉತ್ತರದಲ್ಲಿ ದೊಡ್ಡದಾಗುವುದನ್ನು ವಿದ್ಯಾರ್ಥಿಗಳು ಕಂಡಿರುತ್ತೀರಿ. ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸವನ್ನು ನಂಬಿ ಬದುಕುವವನ ಪಾಡೇ ಹಾಗೆ.

ಆದ್ದರಿಂದ ಈ ಕಸುಬಿನ ನಿಜವಾದ ಬಂಡವಾಳ ಮಾಹಿತಿ. ಅಕ್ಕಪಕ್ಕದ ಬೀದಿಯಲ್ಲಿ, ಅದೇ ಅಳತೆಯ ಮನೆಗಳು ಕಳೆದ ಕೆಲವು ತಿಂಗಳಲ್ಲಿ ಎಷ್ಟಕ್ಕೆ ಮಾರಾಟವಾದವು ಎಂಬುದನ್ನು ತಿಳಿಯಬೇಕು. ಚಾವಣಿ, ಕೊಳಾಯಿ, ವೈರಿಂಗ್ ಬದಲಿಸಲು ಗುತ್ತಿಗೆದಾರ ಎಷ್ಟು ಕೇಳುತ್ತಾನೆ ಎಂಬುದೂ ಗೊತ್ತಿರಬೇಕು. ಆಸ್ತಿ ಯಾರ ಹೆಸರಿನಲ್ಲಿದೆ, ತೆರಿಗೆಗೆ ಅದರ ಮೌಲ್ಯವೆಷ್ಟು ಎಂಬ ದಾಖಲೆಗಳನ್ನು ಅಲ್ಲಿನ ‘ಕೌಂಟಿ’ ಕಚೇರಿಗಳಲ್ಲಿ ಸಾರ್ವಜನಿಕರು ನೋಡಬಹುದು. ಇದಕ್ಕೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು.

ಅಲ್ಪ ಹಣ ಬೇರೆ, ಶೂನ್ಯ ಹಣ ಬೇರೆ

‘ಒಂದು ಪೈಸೆಯೂ ಬೇಡ’ ಎಂಬ ಜಾಹೀರಾತನ್ನು ನಂಬಬಾರದು. ಮುಂಗಡ ಬೇಕು. ವಕೀಲರಿಂದ ಒಪ್ಪಂದ ಬರೆಸಲು ಶುಲ್ಕ ಬೇಕು. ಮಾಲೀಕರಿಗೆ ಪತ್ರ ಹಾಕಲು ಅಂಚೆ ಖರ್ಚು, ಊರೆಲ್ಲ ಸುತ್ತಲು ಕಾರಿಗೆ ಪೆಟ್ರೋಲು ಬೇಕು. ಮೊದಲ ವ್ಯವಹಾರ ಕುದುರಲು ಎಷ್ಟು ತಿಂಗಳಾದೀತೆಂದು ಯಾರೂ ಖಾತರಿ ಕೊಡಲಾರರು. ಅಷ್ಟು ದಿನದ ಊಟ, ಬಾಡಿಗೆಯೂ ಬಂಡವಾಳವೇ. ಫೋನ್ ಮಾಡಿ ಮನೆ ಕೇಳುತ್ತೇನೆಂದರೆ ಅದಕ್ಕೂ ಕಡಿವಾಣವಿದೆ. 1991ರ ಟೆಲಿಫೋನ್ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ನಿಯಮ ಮೀರಿದ ಒಂದೊಂದು ಕರೆಗೂ 500 ಡಾಲರ್ ಪರಿಹಾರ ಕೇಳಿ ದಾವೆ ಹೂಡಲು ಅಲ್ಲಿ ಅವಕಾಶವಿದೆ.

ಎಲ್ಲಕ್ಕಿಂತ ಹೆಚ್ಚು ಹಣ ಸೋರುವುದು ‘ತರಬೇತಿ’ಯ ಹೆಸರಿನಲ್ಲಿ. ಮೊದಲ ಸಭೆ ಉಚಿತ. ಅಲ್ಲಿಂದ ಮೂರು ದಿನದ ಶಿಬಿರ, ಆಮೇಲೆ ‘ವಿಶೇಷ ಮಾರ್ಗದರ್ಶನ’. ಮನೆ ಕೊಂಡು ಮಾರುವ ವಿದ್ಯೆ ಕಲಿಸುವುದಾಗಿ ಹೇಳುತ್ತಿದ್ದ ಒಂದು ಕಂಪನಿಯ ಮೇಲೆ 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಯೂಟಾ ರಾಜ್ಯ ಸೇರಿ ದಾವೆ ಹೂಡಿದವು. ಶಿಬಿರಕ್ಕೆ ಸುಮಾರು 2,000 ಡಾಲರ್, ಮುಂದಿನ ಹಂತಗಳಿಗೆ ಹತ್ತಾರು ಸಾವಿರ ಡಾಲರ್ ವಸೂಲಿಯಾಗುತ್ತಿತ್ತು ಎಂಬುದು ಆ ದಾವೆಯಲ್ಲಿದ್ದ ಆಪಾದನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇರುವವರೆಗೆ ಇಂಥ ಶಿಬಿರಗಳಿಗೆ ಬರವಿಲ್ಲ.

ಇನ್ನೊಬ್ಬರ ಕಷ್ಟ ನಮ್ಮ ಲಾಭವೇ?

ಈ ವ್ಯವಹಾರದಲ್ಲಿ ಯೋಚಿಸಬೇಕಾದ ನೈತಿಕ ಪ್ರಶ್ನೆ ಒಂದಿದೆ. ಮಾರುವವರು ಬಹಳ ಸಲ ವಯಸ್ಸಾದವರು, ಸಾಲದಲ್ಲಿರುವವರು, ಮಾರುಕಟ್ಟೆಯ ಬೆಲೆ ತಿಳಿಯದವರು. ‘ನಿಮ್ಮ ಮನೆಯನ್ನು ನಾನು ನಗದು ಕೊಟ್ಟು ಕೊಳ್ಳುತ್ತೇನೆ’ ಎಂದವನ ಕೈಯಲ್ಲಿ ನಗದೇ ಇರುವುದಿಲ್ಲ! ಗಡುವಿನೊಳಗೆ ಹೂಡಿಕೆದಾರ ಸಿಗದಿದ್ದರೆ, ‘ಪರಿಶೀಲನೆಯಲ್ಲಿ ಮನೆ ಒಪ್ಪಿಗೆಯಾಗಲಿಲ್ಲ’ ಎಂಬ ಷರತ್ತನ್ನು ಮುಂದಿಟ್ಟು ಆತ ಕೈತೊಳೆದುಕೊಳ್ಳಬಹುದು. ಮಾಲೀಕರಿಗೆ ಹಾಗಲ್ಲ. ಬ್ಯಾಂಕಿನ ಹರಾಜಿನ ದಿನ ಹತ್ತಿರವಾಗಿರುತ್ತದೆ. ಕಳೆದುಹೋದ ಆ ಒಂದು ತಿಂಗಳು ಮರಳಿ ಬರುವುದಿಲ್ಲ.

ಅಲ್ಲಿನ ಸರ್ಕಾರಗಳು ಎಚ್ಚೆತ್ತದ್ದು ಇದೇ ಕಾರಣಕ್ಕೆ. ಇಲಿನಾಯ್ ರಾಜ್ಯವು 2019ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, 12 ತಿಂಗಳಲ್ಲಿ ಇಂಥ ಎರಡು ಅಥವಾ ಹೆಚ್ಚು ವ್ಯವಹಾರ ಮಾಡುವವರು ಬ್ರೋಕರ್ ಲೈಸೆನ್ಸ್ ಪಡೆಯಲೇಬೇಕೆಂದಿತು. ಓಕ್ಲಹೋಮಾ 2021ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. ಫಿಲಡೆಲ್ಫಿಯಾ ನಗರದಲ್ಲಿ ಹೋಲ್‌ಸೇಲರ್‌ಗಳಿಗೆ ಬೇರೆಯೇ ಪರವಾನಗಿ ಉಂಟು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಒಟ್ಟಾರೆ ತತ್ವ ಮಾತ್ರ ಒಂದೇ: ನಿನ್ನ ಕೈಯಲ್ಲಿರುವ ಒಪ್ಪಂದವನ್ನು ನೀನು ವರ್ಗಾಯಿಸಬಹುದು, ಲೈಸೆನ್ಸ್ ಇಲ್ಲದೆ ಇನ್ನೊಬ್ಬರ ಮನೆಯನ್ನು ‘ಮಾರಾಟಕ್ಕಿದೆ’ ಎಂದು ಸಾರುವಂತಿಲ್ಲ.

ಪ್ರಾಮಾಣಿಕವಾಗಿ ಮಾಡುವವರಿಗೆ ದಾರಿ ಇಲ್ಲದಿಲ್ಲ. ‘ನಾನು ಇದನ್ನು ಲಾಭಕ್ಕೆ ಬೇರೆಯವರಿಗೆ ವರ್ಗಾಯಿಸುವವನಿದ್ದೇನೆ’ ಎಂದು ಒಪ್ಪಂದದಲ್ಲೇ ಬರೆಯಬೇಕು. ಏಜೆಂಟರ ಮೂಲಕ ಬಹಿರಂಗವಾಗಿ ಮಾರಿದರೆ ಹೆಚ್ಚು ಬೆಲೆ ಬರಬಹುದು ಎಂದು ಮಾಲೀಕರಿಗೆ ತಿಳಿಸಬೇಕು. ಲೈಸೆನ್ಸ್ ಪಡೆಯಬೇಕು, ಇಲ್ಲವೇ ಲೈಸೆನ್ಸ್ ಇರುವ ಬ್ರೋಕರ್ ಬಳಿ ಕೆಲವು ಕಾಲ ಕೆಲಸ ಕಲಿಯಬೇಕು. ಇಷ್ಟು ಹೇಳಿದ ಮೇಲೂ ಮಾಲೀಕರು ಒಪ್ಪಿದರೆ ಅದು ವ್ಯಾಪಾರ. ಮುಚ್ಚಿಟ್ಟು ಒಪ್ಪಿಸಿದರೆ ಅದಕ್ಕೆ ಬೇರೆ ಹೆಸರಿದೆ.

ಅಮೆರಿಕದಲ್ಲಿ ಓದುವ ನಮ್ಮ ಮಕ್ಕಳಿಗೆ ಇನ್ನೊಂದು ಎಚ್ಚರಿಕೆ. ಎಫ್-1 ವಿದ್ಯಾರ್ಥಿ ವೀಸಾದವರು ಅನುಮತಿಯಿಲ್ಲದೆ ಕಾಲೇಜಿನ ಹೊರಗೆ ದುಡಿಯುವಂತಿಲ್ಲ, ಸ್ವಂತ ಕಸುಬೂ ಅದರಲ್ಲಿ ಸೇರುತ್ತದೆ. ಎಚ್-1ಬಿ ವೀಸಾದವರು ತಮಗಾಗಿ ಅರ್ಜಿ ಸಲ್ಲಿಸಿದ ಸಂಸ್ಥೆಗೆ ಮಾತ್ರ ದುಡಿಯಬೇಕು. ಮನೆ ಹುಡುಕಿ, ಮಾತುಕತೆ ನಡೆಸಿ, ಶುಲ್ಕ ಪಡೆಯುವುದು ಸುಮ್ಮನೆ ಹಣ ಹೂಡಿ ಕುಳಿತಂತಲ್ಲ, ಅದು ದುಡಿಮೆ. ಕೆಲವು ಸಾವಿರ ಡಾಲರಿನ ಆಸೆಗೆ, ಮನೆಯವರು ಸಾಲ ಮಾಡಿ ಕೊಡಿಸಿದ ಓದನ್ನೇ ಪಣಕ್ಕಿಡಬಾರದು.

ನಮ್ಮಲ್ಲಿ ನಡೆದೀತೇ?

‘ಅಗ್ರಿಮೆಂಟ್ ಮಾಡಿಕೊಂಡು ಮೂರನೆಯವರಿಗೆ ದಾಟಿಸುವ’ ಪದ್ಧತಿ ಕರ್ನಾಟಕಕ್ಕೂ ಹೊಸತಲ್ಲ. ಆದರೆ ಎರಡೂ ಕಡೆಯ ಕಾನೂನಿನ ಬುನಾದಿ ಬೇರೆ. ಕ್ರಯದ ಒಪ್ಪಂದವಾದೊಡನೆ ಕೊಳ್ಳುವವನಿಗೆ ಆಸ್ತಿಯಲ್ಲಿ ಒಂದು ಬಗೆಯ ಹಿತಾಸಕ್ತಿ ಹುಟ್ಟುತ್ತದೆ ಎಂಬುದು ಅಮೆರಿಕದ ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪಿಬಂದ ತತ್ವ. ನಮ್ಮ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಇದಕ್ಕೆ ನೇರ ವಿರುದ್ಧ. ಕ್ರಯದ ಕರಾರು ತಾನಾಗಿಯೇ ಆಸ್ತಿಯಲ್ಲಿ ಯಾವ ಹಿತಾಸಕ್ತಿಯನ್ನೂ ಹುಟ್ಟಿಸುವುದಿಲ್ಲ ಎಂದು ಅದು ಹೇಳುತ್ತದೆ. ಕರಾರುದಾರನಿಗೆ ಇರುವುದು ಕರಾರನ್ನು ನೆರವೇರಿಸಿಕೊಡಿ ಎಂದು ಕೋರ್ಟಿಗೆ ಹೋಗುವ ಹಕ್ಕು ಮಾತ್ರ. ಅಂಥ ಕಾಗದವನ್ನು ಹಣ ಕೊಟ್ಟು ಕೊಂಡವನಿಗೆ ಸಿಕ್ಕಿದ್ದು ಸೈಟಲ್ಲ, ಒಂದು ದಾವೆಯ ಸಾಧ್ಯತೆ!

ಜಿ.ಪಿ.ಎ. ಬರೆಸಿಕೊಂಡರೆ ಸಾಕು ಎನ್ನುವವರಿಗೂ ಉತ್ತರವಿದೆ. ಜನರಲ್ ಪವರ್ ಆಫ್ ಅಟಾರ್ನಿ ಮೂಲಕ ಮಾಡಿದ ‘ಮಾರಾಟ’ದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಚಿತವಾಗಿ ಹೇಳಿತು. ಸ್ವಾಧೀನ ಸಹಿತ ಕರಾರು ಬರೆದರೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ತೆರಬೇಕು. ನೋಂದಾಯಿತ ಬಡಾವಣೆ, ಅಪಾರ್ಟ್‌ಮೆಂಟುಗಳನ್ನು ಮಾರಿಸಿಕೊಡುವ ಏಜೆಂಟರು 2016ರ ರೇರಾ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ, 1978ರ ಕಾಯ್ದೆಯಂತೆ ಆ ಕ್ರಯವೇ ಅನೂರ್ಜಿತ. ಇನ್ನು 18 ತುಂಬದವರು ಮಾಡಿದ ಕರಾರಿಗೆ ಬೆಲೆಯೇ ಇಲ್ಲ.

ಹಾಗಾದರೆ ವಿದ್ಯಾರ್ಥಿಗಳು ಇದರಿಂದ ಕಲಿಯಬೇಕಾದದ್ದು ಏನೂ ಇಲ್ಲವೇ? ಖಂಡಿತ ಇದೆ. ಇದಕ್ಕೆ ಒಂದು ರೂಪಾಯಿ ಬಂಡವಾಳವೂ ಬೇಡ. ಈ ಬೇಸಿಗೆ ರಜೆಯಲ್ಲಿ ನಿಮ್ಮ ಮನೆಯ ಪತ್ರಗಳನ್ನು ಅಪ್ಪ ಅಮ್ಮನ ಜೊತೆ ಕುಳಿತು ಓದಿ. ಕ್ರಯಪತ್ರದಲ್ಲಿ ಚಕ್ಕುಬಂದಿ ಏನಿದೆ? ಪಹಣಿಯಲ್ಲಿ ಅಥವಾ ಖಾತೆಯಲ್ಲಿ ಯಾರ ಹೆಸರಿದೆ? ಅಜ್ಜ ತೀರಿಕೊಂಡ ಮೇಲೆ ಪೌತಿ ಖಾತೆಯಾಗಿದೆಯೇ? ಋಣಭಾರ ಪತ್ರದಲ್ಲಿ ಹಳೆಯ ಸಾಲ ಹಾಗೆಯೇ ಉಳಿದಿದೆಯೇ? ಎಲ್ಲವನ್ನೂ ಒಂದು ಹಾಳೆಯಲ್ಲಿ ಇಸವಿಯ ಕ್ರಮದಲ್ಲಿ ಬರೆಯಿರಿ. ನಿಮ್ಮ ಬೀದಿಯ ಸೈಟಿಗೆ ಸರ್ಕಾರದ ಮಾರ್ಗಸೂಚಿ ಬೆಲೆ ಎಷ್ಟು, ನಿಜವಾಗಿ ಮಾರಾಟವಾದದ್ದು ಎಷ್ಟಕ್ಕೆ ಎಂದು ಹೋಲಿಸಿ ನೋಡಿ.

ಹತ್ತು ಜನರ ಪೈಕಿ ಒಂಬತ್ತು ಜನ ಓದದ ಈ ಕಾಗದಗಳನ್ನು ಓದಬಲ್ಲವರು ಮುಂದೆ ವಕೀಲರಾಗಲಿ, ಎಂಜಿನಿಯರಾಗಲಿ, ರಿಯಲ್ ಎಸ್ಟೇಟಿಗೇ ಇಳಿಯಲಿ, ಮೋಸ ಹೋಗುವುದು ಕಷ್ಟ. ಮೋಸ ಮಾಡಬೇಕಾದ ಅಗತ್ಯವೂ ಅವರಿಗೆ ಬರುವುದಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ನಿಜ. ಆದರೆ ಹಾಸಿಗೆಯ ಅಳತೆ ಎಷ್ಟು, ಅದು ಯಾರದು ಎಂಬುದನ್ನು ಮೊದಲು ತಿಳಿದಿರಬೇಕು.