ನಿಮಗಿದು ಗೊತ್ತೇ? 90 ಸೆಕೆಂಡಿನ ಪ್ರಶ್ನೆಗೆ 100 ನಿಮಿಷದ ಓದು!

ಸಿಎಫ್‌ಎ ಅಂತ ಒಂದು ಪರೀಕ್ಷೆ ಇದೆ, ಕೇಳಿದ್ದೀರಾ? ಷೇರು, ಬಾಂಡು, ಹೂಡಿಕೆಗಳನ್ನು ಅಳೆದು ತೂಗುವವರು ಬರೆಯುವ ಪರೀಕ್ಷೆ. ನಡೆಸುವುದು ಅಮೆರಿಕದ ಸಂಸ್ಥೆ, ಆದರೆ ಬೆಂಗಳೂರಿನಲ್ಲೇ ಕೂತು ಬರೆಯಬಹುದು. ಒಟ್ಟು ಮೂರು ಲೆವೆಲ್. ಒಂದೊಂದಕ್ಕೂ ಸುಮಾರು 300 ಗಂಟೆ ಓದಿಕೊಂಡು ಬನ್ನಿ ಅಂತ ಸಂಸ್ಥೆಯೇ ಹೇಳುತ್ತದೆ. ಮೂರೂ ಸೇರಿದರೆ 900 ಗಂಟೆ!

ಈಗ ಸ್ವಲ್ಪ ಲೆಕ್ಕ ಹಾಕಿ. ಮೊದಲ ಲೆವೆಲ್‌ನಲ್ಲಿ 180 ಪ್ರಶ್ನೆ, ನಾಲ್ಕೂವರೆ ಗಂಟೆ. ಅಂದರೆ ಪ್ರಶ್ನೆಗೆ 90 ಸೆಕೆಂಡು. ಆ 300 ಗಂಟೆ ಓದನ್ನು ಇದೇ 180 ಪ್ರಶ್ನೆಗಳಿಗೆ ಹಂಚಿ ನೋಡಿ. ಒಂದೊಂದರ ಪಾಲಿಗೆ ಬರೋಬ್ಬರಿ 100 ನಿಮಿಷ! ಒಂದೂವರೆ ನಿಮಿಷದಲ್ಲಿ ಗುರುತು ಹಾಕಿ ಮುಂದೆ ಹೋಗುವ ಉತ್ತರದ ಹಿಂದೆ ಇಷ್ಟು ಹೊತ್ತಿನ ಓದು!

ನಮ್ಮ ವಿಜಯಪುರದ ಗೂಡಿನ ಮಾರುಕಟ್ಟೆ ಗೊತ್ತಲ್ಲ, ದೇವನಹಳ್ಳಿ ತಾಲ್ಲೂಕಿನದು? ಅಲ್ಲಿಗೆ ಗೂಡು ತರುವ ರೈತರಿಗೆ ಈ 900 ಗಂಟೆಯ ಅಳತೆ ಥಟ್ಟನೆ ಅರ್ಥವಾಗುತ್ತದೆ. ಮೊಟ್ಟೆಯೊಡೆದು ಬಂದ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಸುಮಾರು 25 ದಿನ ಬೇಕು. ನಡುವೆ ನಾಲ್ಕು ಜ್ವರ ದಾಟಬೇಕು. ಹಗಲು ರಾತ್ರಿ ಎಲ್ಲ ಸೇರಿಸಿ ಎಣಿಸಿದರೆ 600 ಗಂಟೆ. ಸಿಎಫ್‌ಎ ಓದು ಅದನ್ನೂ ಮೀರುತ್ತದೆ. ಸರಿಯಾಗಿ ಒಂದೂವರೆ ಬೆಳೆ! ಹುಳು ಆ ಅವಧಿಯಲ್ಲಿ ತನ್ನ ತೂಕವನ್ನು ಸುಮಾರು 10,000 ಪಟ್ಟು ಹೆಚ್ಚಿಸಿಕೊಳ್ಳುತ್ತದೆ ಅನ್ನುವುದು ಇನ್ನೊಂದು ಬೆರಗು!

ದೊಡ್ಡಬಳ್ಳಾಪುರದಿಂದ ಮೆಜೆಸ್ಟಿಕ್‌ಗೆ ಹೆಚ್ಚು ಕಡಿಮೆ 40 ಕಿಲೋಮೀಟರ್. ಯಲಹಂಕ, ಹೆಬ್ಬಾಳದ ಟ್ರಾಫಿಕ್ ದಾಟಿ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಅಂತಿಟ್ಟುಕೊಳ್ಳಿ. 100 ದಿನ ಓಡಾಡಿದರೆ ಎಷ್ಟಾಯಿತು? 300 ಗಂಟೆ! ಒಂದು ಲೆವೆಲ್‌ಗೆ ಬೇಕಾದ ಸಮಯವೆಲ್ಲ ಬಸ್ಸಿನ ಸೀಟಿನಲ್ಲೇ ಇದೆ. ಸೀಟು ಸಿಗಬೇಕು, ಅಷ್ಟೇ!

ಈ ಪರೀಕ್ಷೆ ಮೊದಲು ನಡೆದದ್ದು 1963ರಲ್ಲಿ. ಬರೆದವರು ಎಷ್ಟು ಜನ ಗೊತ್ತೇ? ಬರೀ 284!

ಪರೀಕ್ಷಾ ಕೊಠಡಿಗೆ ಎರಡೇ ಬಗೆಯ ಕ್ಯಾಲ್ಕುಲೇಟರ್ ಒಯ್ಯಬಹುದು. ಅದರಲ್ಲೊಂದು ಎಚ್‌ಪಿ 12ಸಿ. ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ಅದರಲ್ಲಿ 'ಸಮ' ಅನ್ನುವ ಗುಂಡಿಯೇ ಇಲ್ಲ! 2 ಒತ್ತಿ, ಎಂಟರ್ ಒತ್ತಿ, 3 ಒತ್ತಿ, ಕೊನೆಗೆ ಕೂಡುವ ಗುರುತು ಒತ್ತಿ. 5 ಬಂದು ಕೂರುತ್ತದೆ!

2021ರ ಜುಲೈನಲ್ಲಿ ಮೊದಲ ಲೆವೆಲ್ ಪಾಸಾದವರು ನೂರಕ್ಕೆ 22 ಜನ ಮಾತ್ರ. ಮೂರೂ ಲೆವೆಲ್ ಗೆದ್ದರೂ ಹೆಸರಿನ ಮುಂದೆ ಸಿಎಫ್‌ಎ ತಕ್ಷಣ ಬರುವುದಿಲ್ಲ. ಅದಕ್ಕೆ 4,000 ಗಂಟೆಗಳ ಕೆಲಸದ ಅನುಭವವೂ ಬೇಕು!

ಈಗ ನಮ್ಮೂರಿನ ಮಕ್ಕಳ ಬಾಯಲ್ಲಿ ಹೆಚ್ಚು ಕೇಳಿಬರುವ ಸಿಎಗೆ ಬನ್ನಿ. ಪಿಯುಸಿ ಮುಗಿಸಿ ಫೌಂಡೇಶನ್‌ಗೆ 4 ತಿಂಗಳು, ಇಂಟರ್‌ಮೀಡಿಯೆಟ್‌ಗೆ 8 ತಿಂಗಳು, ಆರ್ಟಿಕಲ್‌ಶಿಪ್ 2 ವರ್ಷ, ಆಮೇಲೆ ಫೈನಲ್ ಓದಿಗೆ 6 ತಿಂಗಳು. ಒಟ್ಟು 42 ತಿಂಗಳು. ಒಂದೂ ಸಲ ಎಡವದಿದ್ದರೆ ಇಷ್ಟು!

ಆರ್ಟಿಕಲ್‌ಶಿಪ್ ಅಂದರೆ ಆಡಿಟರ್ ಆಫೀಸಿನಲ್ಲಿ ಕೆಲಸ ಕಲಿಯುವುದು. ಮೊದಲು 3 ವರ್ಷ ಇತ್ತು, 2023ರ ಜುಲೈನಿಂದ 2 ವರ್ಷವಾಗಿದೆ. ನಿಯಮದ ಪ್ರಕಾರ ವಾರಕ್ಕೆ 35 ಗಂಟೆ. ರಜೆ ಕಳೆಯದೆ ಗುಣಿಸಿದರೆ 3,640 ಗಂಟೆ! ಪುಸ್ತಕ ಬಿಡಿಸುವುದು ಅದರ ಆಚೆಗಿನ ಹೊತ್ತಿನಲ್ಲಿ. ಮನೆಯಲ್ಲೇ ಮಗ್ಗ ಓಡುವ ದೊಡ್ಡಬಳ್ಳಾಪುರದ ಮಕ್ಕಳಿಗೆ ಆ ಹೊತ್ತು ಯಾವುದು ಅಂತ ಬೇರೆ ಹೇಳಬೇಕೇ? ಮಗ್ಗದ ಸದ್ದು ನಿಂತ ಮೇಲೆ!

ಎಲ್ಲ ವಿಷಯದಲ್ಲೂ 40 ಅಂಕ ತೆಗೆದರೆ ಪಾಸು ಅಂದುಕೊಂಡಿರಾ? ಇಲ್ಲ, ಫೇಲು! ಪ್ರತಿ ಪತ್ರಿಕೆಯಲ್ಲಿ 40 ಬರಬೇಕು, ಒಟ್ಟಾರೆ ಶೇ 50 ಕೂಡ ಬರಬೇಕು. ಫೈನಲ್‌ನ ಒಂದು ಗ್ರೂಪ್‌ನ ಮೂರು ಪತ್ರಿಕೆಯಲ್ಲಿ 40, 40, 40 ಬಂದರೆ ಕೂಡಿದಾಗ 120. ಬೇಕಾದದ್ದು 150!

2024ರ ಜೂನ್‌ನ ಸಿಎ ಫೌಂಡೇಶನ್ ಬರೆದವರು 91,900 ಜನ. ಪಾಸಾದವರು 13,749. ಏಳು ಜನರಲ್ಲಿ ಒಬ್ಬರು!

ಆದರೆ ಮಧ್ಯಪ್ರದೇಶದ ಮೊರೇನಾದ ನಂದಿನಿ ಅಗರ್‌ವಾಲ್ 2021ರಲ್ಲಿ ಸಿಎ ಫೈನಲ್ ಪಾಸಾದಾಗ ವಯಸ್ಸು 19. ಅದೂ ದೇಶಕ್ಕೇ ಮೊದಲ ರ್‍ಯಾಂಕು! ಜತೆಯಲ್ಲೇ ಓದಿದ ಅಣ್ಣನಿಗೆ 18ನೇ ರ್‍ಯಾಂಕು! ಹೆಣ್ಣುಮಕ್ಕಳಿಗೆ ಈ ದಾರಿ ತೆರೆದದ್ದು ಯಾವಾಗ ಗೊತ್ತೇ? ಮದ್ರಾಸಿನ ಆರ್. ಶಿವಭೋಗಂ 1933ರಲ್ಲೇ ದೇಶದ ಮೊದಲ ಮಹಿಳಾ ಲೆಕ್ಕಪರಿಶೋಧಕಿಯಾಗಿದ್ದರು. ಸಿಎ ಸಂಸ್ಥೆ ಹುಟ್ಟಿದ್ದು ಅದಾಗಿ 16 ವರ್ಷಕ್ಕೆ, 1949ರ ಜುಲೈ 1ರಂದು!

ಇದೊಂದು ಮಾತ್ರ ಕೇಳಿದರೆ ಮನಸ್ಸಿಗೆ ಚುಚ್ಚುತ್ತದೆ. ಸಿಎ ಪರೀಕ್ಷೆ ಬರೆಯಲು ಭಾಷೆ ಎರಡೇ: ಇಂಗ್ಲಿಷ್ ಅಥವಾ ಹಿಂದಿ. ನೆಲಮಂಗಲದಲ್ಲೋ ಹೊಸಕೋಟೆಯಲ್ಲೋ ಕನ್ನಡದಲ್ಲಿ ಲೆಕ್ಕಶಾಸ್ತ್ರ ಓದಿ ಪಿಯುಸಿಯಲ್ಲಿ ಒಳ್ಳೆಯ ಅಂಕ ತಂದ ಹುಡುಗಿ, ಗೊತ್ತಿರುವ ಲೆಕ್ಕವನ್ನೇ ಇನ್ನೊಂದು ಭಾಷೆಯಲ್ಲಿ ಹೊಸದಾಗಿ ಕಲಿಯಬೇಕು. ಆ ಗಂಟೆಗಳು ಯಾವ ಪಟ್ಟಿಯಲ್ಲೂ ಇಲ್ಲ. ಕನ್ನಡದಲ್ಲೂ ಬರೆಯಲು ಬಿಡಬೇಕು, ಬಿಟ್ಟರೆ ಎಷ್ಟು ಚೆನ್ನ!

ಖುಷಿಯ ಸುದ್ದಿಯೂ ಇದೆ. ಸಿಎ ಸಂಸ್ಥೆಯ ಪಠ್ಯಪುಸ್ತಕಗಳು ಅದರ ವೆಬ್‌ಸೈಟಿನಲ್ಲಿ ಉಚಿತ. ಮೊಬೈಲ್ ಇದ್ದರೆ ಸಾಕು, ದೇವನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲೇ ನಿಂತು ಇಳಿಸಿಕೊಳ್ಳಬಹುದು!

ಫೌಂಡೇಶನ್‌ನಲ್ಲಿ ಫೇಲಾದವರು ಮೊದಲೆಲ್ಲ ಮುಂದಿನ ಪರೀಕ್ಷೆಗೆ ಆರು ತಿಂಗಳು ಕಾಯಬೇಕಿತ್ತು. 2024ರಿಂದ ಅದು ವರ್ಷಕ್ಕೆ ಮೂರು ಸಲ ನಡೆಯುತ್ತಿದೆ. ಹೆಚ್ಚು ಕಡಿಮೆ ನಾಲ್ಕೇ ತಿಂಗಳಲ್ಲಿ ಇನ್ನೊಂದು ಸಲ ಬರೆಯಬಹುದು!