ಕಾಲಾಳು ಕೊಟ್ಟು ಕಾಲ ಕೊಂಡ ಕ್ಯಾಪ್ಟನ್

ವಿಲಿಯಂ ಡೇವಿಸ್ ಇವಾನ್ಸ್ ವೃತ್ತಿಪರ ಚದುರಂಗಿಯಲ್ಲ, ಹಡಗಿನ ಕ್ಯಾಪ್ಟನ್. 1790ರಲ್ಲಿ ವೇಲ್ಸ್‌ನ ಪೆಂಬ್ರೋಕ್‌ಷೈರ್‌ನಲ್ಲಿ ಹುಟ್ಟಿದ ಆತ ಹುಡುಗನಾಗಿದ್ದಾಗಲೇ ಸಮುದ್ರಕ್ಕಿಳಿದ. ಮುಂದೆ ಮಿಲ್ಫರ್ಡ್‌ನಿಂದ ಐರ್ಲೆಂಡಿಗೆ ಟಪಾಲು ಒಯ್ಯುವ ಹಡಗು ನಡೆಸಿದ. ಚದುರಂಗ ಕೈಹತ್ತಿದ್ದು ಮೂವತ್ತರ ಹೊಸ್ತಿಲಲ್ಲಿ. ಹಾಗಿದ್ದೂ 1820ರ ದಶಕದಲ್ಲಿ ಆತ ಕಂಡುಕೊಂಡ ಒಂದು ನಡೆ ಮುಂದಿನ ಹಲವು ದಶಕಗಳ ಆಟದ ದಿಕ್ಕನ್ನೇ ಬದಲಿಸಿತು.

ಅದು ಹುಟ್ಟಿದ್ದು ಇಟಾಲಿಯನ್ ಆರಂಭದಲ್ಲಿ. ಎರಡೂ ಕಡೆಯವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತಾರೆ, ಕುದುರೆ ಹೊರಬರುತ್ತದೆ, ಬಿಳಿಯ ಒಂಟೆ ಸಿ4ರಲ್ಲಿ, ಕಪ್ಪು ಒಂಟೆ ಸಿ5ರಲ್ಲಿ ಕೂರುತ್ತವೆ. ಇಲ್ಲಿಂದ ಬಿಳಿಯವನಿಗೆ ಸಿ3, ಡಿ4 ನಡೆಸಿ ನಡುಮಣೆಯನ್ನು ಹಿಡಿಯುವ ಆಸೆ. ಆದರೆ ಸಿ3 ಸುಮ್ಮನೆ ಒಂದು ನಡೆ ತಿನ್ನುತ್ತದೆ. ಅಷ್ಟರಲ್ಲಿ ಕಪ್ಪಿನವನು ಇನ್ನೊಂದು ಕಾಯಿ ಹೊರತಂದು ಸಜ್ಜಾಗುತ್ತಾನೆ.

ಇವಾನ್ಸ್ ಮಾಡಿದ್ದು ಇಷ್ಟು: ಬಿ2ರ ಕಾಲಾಳನ್ನು ನೇರವಾಗಿ ಬಿ4ಕ್ಕೆ ತಂದು ಒಂಟೆಯ ಬಾಯಿಗೇ ಇಟ್ಟ. ಒಂಟೆ ಅದನ್ನು ಹೊಡೆದರೆ ಸಿ3 ನಡೆಯೇ ಏಟಾಗುತ್ತದೆ. ಒಂಟೆ ಮತ್ತೆ ಓಡಬೇಕು. ಹಿಂದೆಯೇ ಡಿ4 ಬರುತ್ತದೆ. ಕಪ್ಪಿನವನು ಒಂದೇ ಒಂಟೆಯನ್ನು ಮೂರು ಸಲ ಎತ್ತಿಟ್ಟಿರುತ್ತಾನೆ. ಬಿಳಿಯವನಿಗೆ ನಡುಮಣೆ ಸಿಕ್ಕಿರುತ್ತದೆ. ಇನ್ನೂ ಒಂದು ಲಾಭವಿದೆ. ಬಿ2 ಖಾಲಿಯಾದ್ದರಿಂದ ಸಿ1ರ ಒಂಟೆ ಎ3ಕ್ಕೆ ಹೋಗಿ, ಎದುರಾಳಿಯ ರಾಜ ಕಾಸ್ಲಿಂಗ್ ಮಾಡದಂತೆ ದಾರಿ ಕಾಯಬಹುದು. ರಾಣಿ ಬಿ3ಕ್ಕೆ ಬಂದರೆ ರಾಜನೊಬ್ಬನೇ ಕಾಯುವ ಎಫ್7 ಮನೆಯ ಮೇಲೆ ಸಿ4ರ ಒಂಟೆಯೊಂದಿಗೆ ಜೋಡಿ ದಾಳಿ.

ಇದರ ಪರೀಕ್ಷೆ ನಡೆದದ್ದು ಲಂಡನ್ನಿನಲ್ಲಿ. ಎದುರಿಗೆ ಕೂತವನು ಬೆಲ್‌ಫಾಸ್ಟ್ ಮೂಲದ ಅಲೆಕ್ಸಾಂಡರ್ ಮೆಕ್‌ಡೊನೆಲ್, ಆ ಕಾಲದ ಬ್ರಿಟನ್ನಿನ ಅತಿ ಬಲಿಷ್ಠ ಆಟಗಾರರಲ್ಲೊಬ್ಬ. ಇವಾನ್ಸ್ ಮೊದಲು ಕಾಸ್ಲಿಂಗ್ ಮಾಡಿ, ಐದನೇ ನಡೆಯಲ್ಲಿ ಕಾಲಾಳನ್ನು ಕೊಟ್ಟ. ಹದಿನೈದನೇ ನಡೆಯಲ್ಲಿ ಆನೆಯನ್ನೇ ಕುದುರೆಗೆ ಬದಲಾಗಿ ಕೊಟ್ಟು, ಮರುನಡೆಯಲ್ಲಿ ಎಫ್7ಕ್ಕೆ ಕುದುರೆ ನುಗ್ಗಿಸಿದ. ರಾಣಿಯ ಸಾಲು ಚೆಕ್‌ಗಳಿಗೆ ಮೆಕ್‌ಡೊನೆಲ್ಲನ ರಾಜ ಸಿ7ಕ್ಕೆ ಓಡಿಬಂದ. ಇಪ್ಪತ್ತನೇ ನಡೆಯಲ್ಲಿ ಎ3ರ ಒಂಟೆ ಡಿ6ಕ್ಕೆ ಹಾರಿ ಚೆಕ್‌ಮೇಟ್ ಕೊಟ್ಟಿತು. ಆ ಒಂಟೆ ಎ3ಕ್ಕೆ ಬಂದದ್ದೇ ಬಲಿಕೊಟ್ಟ ಕಾಲಾಳು ತೆರವು ಮಾಡಿದ ಮನೆಯ ಮೂಲಕ. ಕಾಯಿ ಬಲಿಕೊಟ್ಟು ಆರಂಭದಲ್ಲೇ ಮೇಲುಗೈ ಹುಡುಕುವ ಇಂಥ ಆಟಕ್ಕೆ ಗ್ಯಾಂಬಿಟ್ ಎನ್ನುತ್ತಾರೆ; ಈ ಒಂದೇ ಆಟದಲ್ಲಿ ಇಡೀ ಇವಾನ್ಸ್ ಗ್ಯಾಂಬಿಟ್ಟಿನ ತತ್ವ ಅಡಗಿದೆ.

ಸೋತ ಮೆಕ್‌ಡೊನೆಲ್ ಅದನ್ನು ತನ್ನದಾಗಿಸಿಕೊಂಡ. 1832ರಲ್ಲಿ ವಿಲಿಯಂ ಲೂಯಿಸ್ ಇದರ ವಿಶ್ಲೇಷಣೆಯನ್ನು ಅಚ್ಚು ಹಾಕಿಸಿದ. 1834ರಲ್ಲಿ ಮೆಕ್‌ಡೊನೆಲ್ ಮತ್ತು ಫ್ರಾನ್ಸಿನ ಲಾ ಬೂರ್ಡೊನೆ ಆಡಿದ 85 ಆಟಗಳ ಹಣಾಹಣಿಯಲ್ಲಿ ಇಬ್ಬರೂ ಇದನ್ನು ಬಳಸಿದರು. 1852ರಲ್ಲಿ ಬರ್ಲಿನ್‌ನಲ್ಲಿ ಆಂಡರ್ಸೆನ್ ಡುಫ್ರೆಸ್ನೆಯನ್ನು ಮಣಿಸಿದ, ಇಂದಿಗೂ ‘ಎವರ್‌ಗ್ರೀನ್’ ಎನಿಸಿಕೊಂಡಿರುವ ಆಟವೂ ಇವಾನ್ಸ್ ಗ್ಯಾಂಬಿಟ್ಟೇ.

ಇದಕ್ಕೆ ಹೆಸರಾಂತ ಮದ್ದು ಕೊಟ್ಟವನು ವಿಶ್ವ ಚಾಂಪಿಯನ್ ಇಮಾನುಯೆಲ್ ಲಾಸ್ಕರ್: ಒಂಟೆಯನ್ನು ಬಿ6ಕ್ಕೆ ಸರಿಸು, ಗಳಿಸಿದ ಕಾಲಾಳನ್ನು ಹಿಂದಿರುಗಿಸು, ನೆಮ್ಮದಿಯ ಅಂತ್ಯದಾಟಕ್ಕೆ ಇಳಿ. ನನ್ನ ಮಟ್ಟಿಗೆ ಇವಾನ್ಸ್‌ಗೆ ಸಂದ ದೊಡ್ಡ ಗೌರವ ಇದೇ. ಆ ಕಾಲಾಳನ್ನು ಇಟ್ಟುಕೊಂಡಷ್ಟೂ ಅದರ ಬೆಲೆಯನ್ನು ಸಮಯದಲ್ಲಿ ತೆರಬೇಕಾಗುತ್ತದೆ ಎಂಬುದನ್ನು ಮದ್ದೇ ಒಪ್ಪಿಕೊಂಡಂತಾಯಿತು.

ಮದ್ದು ಸಿಕ್ಕ ಮೇಲೆ ಗ್ಯಾಂಬಿಟ್ ಮೂಲೆ ಸೇರಿತ್ತು. 1995ರಲ್ಲಿ ರಿಗಾದಲ್ಲಿ ಕ್ಯಾಸ್ಪರೋವ್ ಅದನ್ನು ನಮ್ಮ ವಿಶ್ವನಾಥನ್ ಆನಂದ್ ಅವರ ಎದುರು ಹೊರತೆಗೆದ. ಆನಂದ್ ಒಂಟೆಯನ್ನು ಎಚ್ಚರದಿಂದ ಇ7ಕ್ಕೆ ಹಿಂದೆಳೆದರು. ಆದರೂ ಕಪ್ಪಿನ ಕಾಯಿಗಳಿಗೆ ಉಸಿರಾಡಲು ಎಡೆ ಸಿಗಲಿಲ್ಲ. 25 ನಡೆಗಳಲ್ಲಿ ಆಟ ಮುಗಿಯಿತು.

ಇವಾನ್ಸ್ 1872ರಲ್ಲಿ ಬೆಲ್ಜಿಯಂನ ಆಸ್ಟೆಂಡ್‌ನಲ್ಲಿ ತೀರಿಕೊಂಡ. ಆತನ ಗೋರಿಕಲ್ಲು ಹಡಗುಗಳಿಗೆ ಮೂರು ಬಣ್ಣದ ದೀಪದ ಪದ್ಧತಿ ರೂಪಿಸಿದವನೆಂದೂ, ಈ ಗ್ಯಾಂಬಿಟ್ಟಿನ ಕರ್ತೃವೆಂದೂ ಆತನನ್ನು ನೆನೆಯುತ್ತದೆ. ಇಂದಿನ ಕಂಪ್ಯೂಟರುಗಳು ಕಪ್ಪಿನವನಿಗೆ ಭಯವಿಲ್ಲ ಎನ್ನಬಹುದು. ಆದರೆ ಗಡಿಯಾರ ಓಡುತ್ತಿರುವಾಗ ಮಣೆಯ ಮುಂದೆ ಕೂರುವವನು ಮನುಷ್ಯ. ಹೊಸದಾಗಿ ಕಲಿಯುವವರು ಇದನ್ನು ಆಡಿಯೇ ನೋಡಬೇಕು: ಎಷ್ಟು ಕಾಯಿ ಇವೆ ಎನ್ನುವುದಕ್ಕಿಂತ ಎಷ್ಟು ಕಾಯಿ ಕೆಲಸಕ್ಕೆ ಇಳಿದಿವೆ ಎಂದು ಎಣಿಸುವುದನ್ನು ಇದರಷ್ಟು ಬೇಗ ಕಲಿಸುವ ಆರಂಭ ನನಗೆ ಬೇರೆ ಗೊತ್ತಿಲ್ಲ.